ಹೂಂ ಅನ್ನುವ ತನಕ ಕಾಯುವ ಮಾತು

ನಾನು ಹದಿಮೂರು ವರ್ಷ ಮಾಡಿದ ಕೆಲಸ ಯಾವುದು ಎಂಬುದು ನಮ್ಮ ಓಣಿಯವರಿಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಗೋಕಾಕದಲ್ಲಿ ಬೀಜ, ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ಎ.ಸಿ. ಹಾಕಿಕೊಂಡು ದಿನವಿಡೀ ಮೊಬೈಲ್ ಗೇಮ್ ಆಡುತ್ತಾನೆ, ಅದಕ್ಕೆ ಪಗಾರ ಬೇರೆ ಕೊಡುತ್ತಾರೆ ಎಂದು ಅವರ ತಿಳಿವಳಿಕೆ. ಎ.ಸಿ. ಎಂಬುದು ಶುದ್ಧ ಸುಳ್ಳು. ಉಳಿದದ್ದನ್ನು ತಿದ್ದಲು ನಾನೂ ಹೋಗಲಿಲ್ಲ.

ನಾನು ಕೆಲಸ ಬಿಟ್ಟ ಮೇಲೆ ಮೂವರು ಹೊಸಬರು ಸೇರಿದ್ದಾರಂತೆ. ಅವರಿಗೆ ಉಪಯೋಗವಾಗುವ ಹಾಗೆ ಕಂಡದ್ದು, ಉಂಡದ್ದು ಬರೆದುಕೊಡಿ ಎಂದು ಸುಜಾತಾ ಮೇಡಂ ಫೋನು ಮಾಡಿದರು. ಬಡ್ತಿಯ ಸುದ್ದಿ ಇದರಲ್ಲಿ ಸಿಗುವುದಿಲ್ಲ. ಸೇರಿದ ದಿನ ಯಾವ ಕುರ್ಚಿಯಲ್ಲಿ ಕೂತೆನೋ ಬಿಡುವ ದಿನವೂ ಅದರಲ್ಲೇ ಕೂತಿದ್ದೆ. ನಡುವೆ ಒಮ್ಮೆ ಅದರ ಗಾಲಿ ಬದಲಾಯಿಸಿದರು, ಅಷ್ಟೆ.

ಮೊದಲು ಕೆಲಸದ ಸ್ವರೂಪ ಹೇಳುತ್ತೇನೆ. ರೋಲ್ ಪ್ಲೇಯಿಂಗ್ ಗೇಮ್ ಎಂಬ ಜಾತಿಯ ಆಟಗಳಿವೆ. ಆಡುವವರು ಅದರಲ್ಲಿ ಒಬ್ಬ ಮನುಷ್ಯನ ಪಾತ್ರ ವಹಿಸಿ ಊರೂರು ತಿರುಗುತ್ತಾರೆ, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುತ್ತಾರೆ. ಮಾತು ಶುರುವಾದ ಕೂಡಲೇ ಪರದೆಯ ಕೆಳಗೆ ಒಂದು ಬಾಕ್ಸು ತೆರೆಯುತ್ತದೆ. ಬಾಕ್ಸಿನ ತಲೆಯ ಮೇಲೆ ಮಾತಾಡುವವರ ಹೆಸರು, ಬಾಜೂಕ್ಕೆ ಅವರ ಮುಖ, ಒಳಗೆ ಅವರ ಮಾತು. ಓದಿ ಮುಗಿದ ಮೇಲೆ ಬೆರಳಿಂದ ಒತ್ತಿದರೆ ಮುಂದಿನ ಮಾತು. ಕೆಲವೊಮ್ಮೆ ಎರಡು ಮೂರು ಉತ್ತರ ಕೊಟ್ಟಿರುತ್ತಾರೆ, ತಮಗೆ ಬೇಕಾದದ್ದನ್ನು ಆರಿಸಿ ಒತ್ತಬೇಕು. ಈ ಬಾಕ್ಸಿನೊಳಗೆ ಕನ್ನಡ ಕೂರಿಸುವುದು ನನ್ನ ಕೆಲಸ. ಎಷ್ಟು ಸಾಲು, ಯಾವ ಗಾತ್ರ, ಯಾವ ವೇಗ, ಎಲ್ಲಿ ನಿಲ್ಲಬೇಕು, ಎಲ್ಲವೂ ನನ್ನ ತಲೆಯ ಮೇಲಿತ್ತು.

ಇದಕ್ಕೆ ಮೊದಲು ಗೋಕಾಕದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಸೀಸದ ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತೆ. ಹೆಚ್ಚಿನ ಪಾಲು ಲಗ್ನಪತ್ರಿಕೆ. ಲಗ್ನಪತ್ರಿಕೆಯಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟರೆ ಅಕ್ಕಿಕಾಳು ಬೀಳುವ ಹೊತ್ತಿಗೆ ಜಗಳ ನಿಶ್ಚಿತ. ಹೀಗಾಗಿ ಅಂಗೈಯಷ್ಟು ಜಾಗದಲ್ಲಿ ಇಡೀ ಬಳಗವನ್ನು ಕೂರಿಸುವ ವಿದ್ಯೆ ನನಗೆ ಬಂದಿತ್ತು. ಜನ ಮೊಬೈಲಿನಲ್ಲೇ ಪತ್ರಿಕೆ ಕಳಿಸತೊಡಗಿದರು, ಪ್ರೆಸ್ಸು ಮುಚ್ಚಿತು. ಅದೇ ವೇಳೆಗೆ ಬೆಲ್ಲದ ಬಾಗೇವಾಡಿಯ ಸುಜಾತಾ ಮೇಡಂ ಗೋಕಾಕದಲ್ಲಿ ಸಣ್ಣ ಕಂಪನಿ ತೆರೆದಿದ್ದರು. ಬೇರೆಯವರು ಮಾಡಿದ ಗೇಮುಗಳಿಗೆ ಕನ್ನಡ ತೊಡಿಸಿ ಕೊಡುವ ಕೆಲಸ. ಅವರ ತಂಗಿಯ ಲಗ್ನಪತ್ರಿಕೆ ನಾನೇ ಮಾಡಿದ್ದೆ. ನನ್ನನ್ನು ಕರೆಸಿ ಪರದೆ ತೋರಿಸಿ, "ಕಾಕಾ, ಇಂಗ್ಲಿಷಿನಾಗ ಎರಡ ಸಾಲ ಐತಿ, ಕನ್ನಡದಾಗ ನಾಕ ಸಾಲ ಆಗಾಕತ್ತೈತಿ. ಇದನ್ನ ಕೂಡಸ್ತೀರೇನು?" ಎಂದರು. ಒಂದು ತಾಸಿನಲ್ಲಿ ಕೂರಿಸಿದೆ. ಅಕ್ಷರ ಸಣ್ಣದು ಮಾಡಿ ಕೂರಿಸಲಿಲ್ಲ, ಮಾತು ಕಡಿಮೆ ಮಾಡಿ ಕೂರಿಸಿದೆ. ಮರುದಿನದಿಂದ ಬರ್ರಿ ಎಂದರು. ಅವತ್ತಿನಿಂದ ನಾನು ಆಫೀಸಿಗೆಲ್ಲ ಕಾಕಾ.

ಹೊಸಬರು ಇದನ್ನು ಮೊದಲು ಕಲಿಯಬೇಕು. ಬಾಕ್ಸು ಚಿಕ್ಕದಾಯಿತು ಎಂದು ಅಳಬಾರದು. ಎರಡು ಸಾಲಿನಲ್ಲಿ ಹಿಡಿಯದ ಮಾತನ್ನು ಯಾವ ಮನುಷ್ಯನೂ ಒಂದೇ ಉಸಿರಿನಲ್ಲಿ ಆಡುವುದಿಲ್ಲ.

ನನ್ನ ಮೊದಲ ತಪ್ಪು ವೇಗದ್ದು. ಇಂಗ್ಲಿಷ್ ಗೇಮುಗಳಲ್ಲಿ ಅಕ್ಷರ ಒಂದೊಂದಾಗಿ ಟಕಟಕ ಮೂಡುತ್ತವೆ. ನಾನೂ ಹಾಗೇ ಬಿಟ್ಟೆ. ಕನ್ನಡದಲ್ಲಿ ಮೊದಲು ಅಕ್ಷರ ಬಂದು, ಆಮೇಲೆ ಕೊಂಬು, ಆಮೇಲೆ ದೀರ್ಘ ಬಂದು ಕೂಡಿಕೊಂಡು, ಯುದ್ಧಕ್ಕೆ ಕರೆಯುವ ಸೇನಾಪತಿ ಎಲ್ಲರ ಮುಂದೆ ತೊದಲತೊಡಗಿದ. ಆಫೀಸಿನವರು ಬಿದ್ದು ಬಿದ್ದು ನಕ್ಕರು. ನಮ್ಮ ಪ್ರೋಗ್ರಾಮರ್ ವಿನಾಯಕ, ನಿಡಸೋಸಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವನು, ಎರಡು ದಿನ ಕೂತು ಶಬ್ದ ಶಬ್ದವಾಗಿ ಬರುವ ಹಾಗೆ ಮಾಡಿದ. ಕಣ್ಣಿಗೆ ಹಿತವಾಯಿತು. ನಾವು ಓದುವುದೂ ಹಾಗೇ ತಾನೆ.

ಎರಡನೆಯ ತಪ್ಪು ದೊಡ್ಡದು. ಪ್ರತಿ ಮಾತಿಗೂ ಒತ್ತಬೇಕಾದರೆ ಬೆರಳು ನೋಯುತ್ತದೆ ಎಂದು ಲೆಕ್ಕ ಹಾಕಿ, ಇಷ್ಟು ಸೆಕೆಂಡಿಗೆ ಬಾಕ್ಸು ತಾನೇ ಮುಂದೆ ಹೋಗಲಿ ಎಂದು ಇಟ್ಟೆ. ಸೆಕೆಂಡು ಎಣಿಸಿದ್ದು ನನ್ನ ಓದಿನ ಮೇಲೆ. ನಾನಾದರೋ ಮೊಳೆಗಳನ್ನು ಉಲ್ಟಾ ಓದಿ ಬೆಳೆದವನು. ಹುಕ್ಕೇರಿಯ ಒಂದು ಶಾಲೆಯಲ್ಲಿ ಆಟ ತೋರಿಸಲು ಹೋದಾಗ ನಿವೃತ್ತ ಹೆಡ್‌ಮಾಸ್ತರರೊಬ್ಬರು ಮುಂದೆ ಕೂತರು. ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುವ ರೂಢಿ ಅವರದು. ಅರ್ಧ ಓದುವುದರಲ್ಲಿ ಬಾಕ್ಸು ಮಾಯ. ಮೂರು ಸಲ ಹೀಗಾಯಿತು. ಚಾಳೀಸು ತೆಗೆದು ನನ್ನ ಕಡೆ ತಿರುಗಿ, "ತಮ್ಮಾ, ನಾ ಇನ್ನಾ ಹೂಂ ಅಂದಿಲ್ಲ. ಹೇಳಾವ ಎದ್ದ ಹೋದ್ರ ಹೆಂಗ?" ಎಂದರು.

ಈ ಒಂದು ಮಾತು ನನಗೆ ಇಡೀ ಕೆಲಸವನ್ನು ಕಲಿಸಿತು. ನಮ್ಮ ಕಡೆ ಕಥೆ ಹೇಳುವವರು ಕೇಳುವವರು ಹೂಂ ಅನ್ನುವ ತನಕ ಮುಂದೆ ಹೋಗುವುದಿಲ್ಲ. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಬಾಕ್ಸಿನ ಮೇಲೆ ಬೆರಳು ಒತ್ತುವುದೆಂದರೆ ಆ ಹೂಂ. ಅದನ್ನು ಕಸಿದುಕೊಳ್ಳುವ ಹಕ್ಕು ನಮಗಿಲ್ಲ. ಅವತ್ತಿನಿಂದ ನನ್ನ ಯಾವ ಬಾಕ್ಸೂ ತಾನಾಗಿ ಮುಂದೆ ಹೋಗಿಲ್ಲ. ಒತ್ತುವುದೆಂದರೆ ಬಾಯಿಬಿಟ್ಟು ಮಾತಾಡಿದಂತೆ ಎಂದು ನಾನೇ ಆಫೀಸಿನಲ್ಲಿ ಕಂಡಕಂಡವರಿಗೆ ಹೇಳುತ್ತಾ ತಿರುಗಿದೆ. ಹೇಳಿದ್ದನ್ನು ನಾನೇ ಮರೆತದ್ದು ಮುಂದಿನ ಕಥೆ.

ಮೇಲಿನವರ ಬಗ್ಗೆಯೂ ಒಂದಿಷ್ಟು ಹೇಳಬೇಕು. ನನಗಿದ್ದ ಮೇಲಿನವರು ಸುಜಾತಾ ಮೇಡಂ ಒಬ್ಬರೇ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಸಿಟ್ಟು ಬಂದರೆ ಕೂಗಾಡುವವರಲ್ಲ, ಕನ್ನಡಕ ಒರೆಸುತ್ತಾ ಕೂಡುವವರು. ಎಷ್ಟು ಹೊತ್ತು ಒರೆಸಿದರು ಎಂಬುದರ ಮೇಲೆ ನಮ್ಮ ತಪ್ಪಿನ ಗಾತ್ರ ತಿಳಿಯುತ್ತಿತ್ತು. ಒಮ್ಮೆ ಒಂದು ಆಟದಲ್ಲಿ ಮೀಸೆ ಚಿಗುರದ ಸಿಪಾಯಿಗಳು ಎಪ್ಪತ್ತು ವರ್ಷದ ಗಿಡಮೂಲಿಕೆ ಮುದುಕಿಯನ್ನು "ನೀನು ಎಲ್ಲಿಂದ ಬಂದೆ?" ಎಂದು ಕೇಳಿದರು. ಅದನ್ನು ಮನೆಯಲ್ಲಿ ಮೇಡಂ ಅವರ ತಾಯಿ ಆಡುತ್ತಿದ್ದರಂತೆ. ದೊಡ್ಡವರು ಚಿಕ್ಕವರು ಅನ್ನುವುದು ಗೊತ್ತಿಲ್ಲದ ಊರಿನಲ್ಲಿ ನನಗೇನು ಕೆಲಸ ಎಂದು ಮೊಬೈಲನ್ನೇ ಬಂದ್ ಮಾಡಿ ಎದ್ದರಂತೆ. ಮರುದಿನ ಮೇಡಂ ಕನ್ನಡಕ ಬಹಳ ಹೊತ್ತು ಒರೆಸಿದರು. ಆಮೇಲೆ ನಾವು ಮಾತುಗಳನ್ನು ಬರೆದಿಡುವ ತಖ್ತೆಯಲ್ಲಿ ಎರಡು ಕಾಲಂ ಹೆಚ್ಚಾದವು. ಯಾರು ಮಾತಾಡುತ್ತಾರೆ ಎಂಬುದೊಂದು, ಕೇಳುವವರು ಅವರಿಗೆ ಏನಾಗಬೇಕು ಎಂಬುದೊಂದು.

ಈಗ ಯಂತ್ರವೇ ಕಣ್ಣುಮುಚ್ಚಿ ತೆರೆಯುವುದರಲ್ಲಿ ಸಾವಿರ ಸಾಲು ಕನ್ನಡ ಮಾಡಿ ಕೊಡುತ್ತದೆ. ನಾನು ಅದನ್ನು ಬೈಯುವವನಲ್ಲ, ಮೊಳೆ ಹೋದಾಗಲೂ ಅಳಲಿಲ್ಲ. ಆದರೆ ಅದರ ಕೈಯಲ್ಲಿ ಕಳ್ಳ, ರಾಜ, ಸೊಸೆ, ಎತ್ತಿನ ವ್ಯಾಪಾರಿ, ಎಲ್ಲರೂ ವಾರ್ತೆ ಓದುವವರ ಹಾಗೆ ಮಾತಾಡುತ್ತಾರೆ. ಆ ಎರಡು ಕಾಲಂ ತುಂಬದೆ ಮುಂದೆ ಹೋಗಬೇಡಿ.

ಇನ್ನು ಕೋಟೆಯ ಬಾಗಿಲಿನ ಕಥೆ. ಇದನ್ನು ಹೇಳುವುದಕ್ಕೇ ನಾನು ಪೆನ್ನು ಹಿಡಿದದ್ದು.

ಒಂಬತ್ತು ವರ್ಷ ಬೇರೆಯವರ ಆಟಗಳಿಗೆ ಕನ್ನಡ ತೊಡಿಸಿದ ಮೇಲೆ ಮೇಡಂ ನಮ್ಮದೇ ಒಂದು ಆಟ ಮಾಡೋಣ ಎಂದರು. ಕಥಾನಾಯಕಿ ರತ್ನವ್ವ. ಬಂಡಿ ಹೊಡೆಯಲು ಹೋದ ಗಂಡನನ್ನು ಜಲಪಾತದ ಆಚೆಯ ಕೋಟೆಯವರು ಹಿಡಿದಿಟ್ಟಿದ್ದಾರೆ. ಆಕೆ ಏಳು ಊರು ದಾಟಿ, ಸಿಕ್ಕವರನ್ನೆಲ್ಲ ಮಾತಾಡಿಸಿ, ದಾರಿ ಕೇಳಿ, ಕೋಟೆಯ ಬಾಗಿಲಿಗೆ ಬರಬೇಕು. ಅಲ್ಲಿ ಕಾವಲುಗಾರ ಯಾರನ್ನು ಹುಡುಕಿ ಬಂದೆ, ಹೆಸರು ಹೇಳು ಅನ್ನುತ್ತಾನೆ. ಎರಡು ಉತ್ತರ. ಒಂದು, "ನನ್ನ ಗಂಡನ ಹೆಸರು ಈರಣ್ಣ." ಇನ್ನೊಂದು, "ಹೇಳುವುದಿಲ್ಲ." ಮೊದಲನೆಯದು ಒತ್ತಿದರೆ ಬಾಗಿಲು ತೆರೆಯುತ್ತದೆ, ಎರಡನೆಯದಕ್ಕೆ ವಾಪಸು ಕಳಿಸುತ್ತಾನೆ. ಈ ಬಾಗಿಲಿನ ಮಾತು ಬರೆದವನು ನಾನು. ಬರೆದದ್ದರಲ್ಲಿ ನನ್ನ ಹಳೆಯ ಸಿಟ್ಟೊಂದು ಸೇರಿತ್ತು.

ಆ ಸಿಟ್ಟಿನ ಮೂಲ ಹೇಳಲೇಬೇಕು. ಪ್ರೆಸ್ಸಿನ ಕೊನೆಯ ವರ್ಷ ಲಗ್ನಪತ್ರಿಕೆಯ ಗಂಟು ಕಟ್ಟಿಕೊಂಡು ಗಾಡಿಯ ಮೇಲೆ ಹುಕ್ಕೇರಿಗೆ ಹೋಗುತ್ತಿದ್ದವನು ಬಾಗೇವಾಡಿ ದಾಟಿ ತಿರುವಿನಲ್ಲಿ ಬಿದ್ದೆ. ಕಾಲು ಮುರಿಯಿತು, ತಲೆಗೂ ಪೆಟ್ಟು. ಯಾರೋ ಪುಣ್ಯವಂತರು ಹುಕ್ಕೇರಿಯ ದವಾಖಾನೆಗೆ ಸೇರಿಸಿ ಮನೆಗೆ ಸುದ್ದಿ ಮುಟ್ಟಿಸಿದರು. ನನ್ನ ಹೆಂಡತಿ ಗೌರವ್ವ ಸಿಕ್ಕ ಬಸ್ಸು ಹತ್ತಿ ಬಂದಳು. ಕೌಂಟರಿನಲ್ಲಿ ಪೇಶೆಂಟಿನ ಹೆಸರೇನು ಎಂದರೆ "ನಮ್ಮನಿಯಾವರು" ಎಂದಳಂತೆ. ಹೆಸರು ಹೇಳ್ರಿ ಎಂದರೆ ಸುಮ್ಮನೆ ನಿಂತಳಂತೆ. ಆಕೆ ಬರೆಯುವಷ್ಟು ಕಲಿತವಳೇ, ಬರೆದೂ ಕೊಡಲಿಲ್ಲ. ಹಿಂದೆ ನಿಂತವರು ಬಾಜೂ ಸರೀರಿ ಎಂದರು. ಕೊನೆಗೆ ಒಂದೊಂದೇ ಖೋಲಿ ಹೊಕ್ಕು ಮುಖ ನೋಡುತ್ತಾ ಹುಡುಕಿ, ನನ್ನ ಹಾಸಿಗೆ ಹತ್ತಿರ ಬರುವ ಹೊತ್ತಿಗೆ ತಾಸೂವರೆ ಆಗಿತ್ತು. ನೋವಿನ ಸಂಕಟ ಬೇರೆ, ಬಾಜೂ ಹಾಸಿಗೆಯವರ ಮುಂದೆಯೇ ನಾನು, "ಒಂದ ಹೆಸರ ಹೇಳಾಕ ಬರೂದಿಲ್ಲೇನ ನಿನಗ?" ಎಂದು ಬೈದೆ. ಆಕೆ ಚೀಲದಿಂದ ನೀರಿನ ಬಾಟಲಿ ತೆಗೆದು ಬಾಯಿಗೆ ಹಿಡಿದಳು. ಆಮೇಲೆ ಎಷ್ಟೋ ವರ್ಷ ಬೀಗರು ನೆಂಟರ ಮುಂದೆ ಈ ಕಥೆ ಹೇಳಿ ನಗಿಸಿದ್ದೇನೆ. ಆಕೆ ಒಳಗೆ ಎದ್ದು ಹೋಗುತ್ತಿದ್ದಳು.

ಮದುವೆಯ ದಿನವಾದರೂ ಹೆಸರು ಹೇಳಿರಬೇಕಲ್ಲ ಎಂದು ನೀವು ಕೇಳಬಹುದು. ಹೇಳಿದ್ದಳು. ಹೊಸ ಸೊಸೆ ಹೊಸ್ತಿಲು ದಾಟುವಾಗ ನಾದಿನಿಯರು ಅಡ್ಡ ನಿಂತು ಹೆಸರು ಹೇಳು ಅನ್ನುವುದು, ಆಕೆ ಎರಡು ಸಾಲಿನ ಒಡಪು ಕಟ್ಟಿ ಅದರ ನಡುವೆ ಗಂಡನ ಹೆಸರು ಸೇರಿಸಿ ಹೇಳುವುದು ನಮ್ಮಲ್ಲಿ ಇದ್ದದ್ದೇ. ಆಕೆ ಒಡಪು ಹಾಕಿದ ಹೊತ್ತಿಗೇ ಬ್ಯಾಂಡಿನವರು ಬಾರಿಸಿದರು. ಅಕ್ಕಂದಿರಿಗೆ ಕೇಳಿಸಿತಂತೆ, ನನಗೆ ಕೇಳಿಸಲಿಲ್ಲ.

ಅದಕ್ಕೇ ಬಾಗಿಲಿನ ಮುಂದೆ ರತ್ನವ್ವನಾದರೂ ಧೈರ್ಯವಾಗಿ ಹೆಸರು ಹೇಳಲಿ ಎಂದು ಹಾಗೆ ಬರೆದೆ. ಕಾಲಕ್ಕೆ ತಕ್ಕ ಮಾತು ಎಂದು ಆಫೀಸಿನಲ್ಲೂ ಮೆಚ್ಚಿದರು.

ಆಟ ಮುಗಿಯುತ್ತಾ ಬಂದಿತ್ತು. ಪುಣೆಯ ಒಂದು ಕಂಪನಿಯವರು ಬಂದು ನೋಡಿ, ಗೇಮ್ ಆಡಿ ಅಭ್ಯಾಸವಿಲ್ಲದವರೂ ಕೊನೆ ಮುಟ್ಟಿಸಿದರೆ ತಾವು ಅದನ್ನು ಎಲ್ಲ ಕಡೆ ಬಿಡುಗಡೆ ಮಾಡುತ್ತೇವೆ ಎಂದಿದ್ದರು. ಅವರು ಒಪ್ಪದಿದ್ದರೆ ಕಂಪನಿ ಮುಚ್ಚಬೇಕಾಗುತ್ತದೆ ಎಂದು ಮೇಡಂ ನಮ್ಮೆಲ್ಲರನ್ನೂ ಕೂರಿಸಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಏಳು ಜನ ನಾವು. ಉಳಿದವರಿಗೆ ಬೇರೆ ಕೆಲಸ ಸಿಗುತ್ತಿತ್ತೇನೋ. ಐವತ್ತೇಳರ ನನಗೆ ಇನ್ನೊಂದು ಬಾಗಿಲು ಇರಲಿಲ್ಲ.

ಪರೀಕ್ಷೆಗೆ ಮೂಡಲಗಿಯ ಹೊಲಿಗೆ ತರಗತಿಯ ಹೆಣ್ಣುಮಕ್ಕಳನ್ನು ಆರಿಸಿದೆವು. ಹನ್ನೆರಡು ಜನ, ಇಬ್ಬರನ್ನು ಬಿಟ್ಟರೆ ಎಲ್ಲರೂ ಲಗ್ನವಾದವರು. ಮೊದಲನೆಯ ದಿನ ನಾನೇ ಹೋಗಿ ಆಡುವ ರೀತಿ ಹೇಳಿಕೊಟ್ಟು ಬಂದೆ. ನಾಲ್ಕು ದಿನ ಮಧ್ಯಾಹ್ನ ಹೊಲಿಗೆ ಮುಗಿದ ಮೇಲೆ ಆಡಿದರು. ಏಳು ಊರನ್ನೂ ಸಲೀಸಾಗಿ ದಾಟಿದರು. ಊರಿಗೆ ಊರೇ ಮಾತಾಡಿಸಿದರು, ನಾವು ಲೆಕ್ಕಕ್ಕಿಟ್ಟುಕೊಳ್ಳದ ಬಾವಿಕಟ್ಟೆಯ ಮುದುಕಿಯನ್ನೂ ಬಿಡಲಿಲ್ಲ. ಕೋಟೆಯ ಬಾಗಿಲಿಗೆ ಬಂದರು, ನಿಂತರು. ಲಗ್ನವಾಗದ ಇಬ್ಬರು ಹುಡುಗಿಯರು ಮಾತ್ರ ಒಳಗೆ ಹೋದರು. ಹತ್ತು ಜನ ಹೊರಗೇ ಉಳಿದರು.

ಯಂತ್ರದಲ್ಲಿ ದೋಷವಿದೆ ಎಂದು ವಿನಾಯಕ ಎರಡು ದಿನ ತಡಕಾಡಿದ, ಏನೂ ಸಿಗಲಿಲ್ಲ. ಉತ್ತರ ಕಾಣಿಸುತ್ತಿಲ್ಲವೇನೋ ಎಂದು ನಾನು ಅಕ್ಷರ ದೊಡ್ಡದು ಮಾಡಿದೆ. ಬಣ್ಣ ಬದಲಿಸಿದೆ. ಹೆಸರಿನ ಸಾಲಿನ ಮುಂದೆ ಮಿಣುಕುವ ಬಾಣದ ಗುರುತು ಇಟ್ಟೆ. ಮತ್ತೆ ಕಳಿಸಿದರೆ ಮತ್ತೆ ಹತ್ತೂ ಜನ ಹೊರಗೆ. ಮೇಡಂ ಕನ್ನಡಕ ಒರೆಸಲೂ ಇಲ್ಲ, ಸುಮ್ಮನೆ ಕೈಯಲ್ಲಿ ಹಿಡಿದು ಕೂತಿದ್ದರು. ಪುಣೆಯವರು ಮತ್ತೆ ಬರಲು ಹತ್ತು ದಿನ ಉಳಿದಿತ್ತು. ನಾನೇ ಇನ್ನೊಮ್ಮೆ ಮೂಡಲಗಿಗೆ ಹೋದೆ.

ತುಕ್ಕಾನಟ್ಟಿಯಿಂದ ತರಗತಿಗೆ ಬರುತ್ತಿದ್ದ ಕಸ್ತೂರವ್ವ ಎಂಬವರ ಬಾಜೂ ಕೂತೆ. ಐವತ್ತರ ಆಸುಪಾಸು, ಹೊಲಿಗೆಯಲ್ಲಿ ಎಲ್ಲರಿಗಿಂತ ಚುರುಕು. ಕಾವಲುಗಾರ ಹೆಸರು ಕೇಳಿದ. ಕಸ್ತೂರವ್ವ ಎರಡೂ ಉತ್ತರ ಓದಿದರು. ಬೆರಳು ಮೊದಲನೆಯದರ ಹತ್ತಿರ ಹೋಗಿ ನಿಂತಿತು, ಆಮೇಲೆ ಇಳಿದು "ಹೇಳುವುದಿಲ್ಲ" ಒತ್ತಿತು. ಕಾವಲುಗಾರ ವಾಪಸು ಕಳಿಸಿದ. ಕೋಟೆ ಸುತ್ತು ಹಾಕಿ ಮತ್ತೆ ಬಂದರು, ಮತ್ತೆ ಅದನ್ನೇ ಒತ್ತಿದರು. ಬೇಸರವಿಲ್ಲ, ಸಿಟ್ಟಿಲ್ಲ. ಹೀಗೆ ಎಷ್ಟು ಸಲ ತಿರುಗಿದ್ದೀರಿ ಎಂದೆ. ಲೆಕ್ಕ ಇಟ್ಟಿಲ್ಲ, ಯಾರಾದರೂ ಒಬ್ಬರು ಬಂದು ನನ್ನ ಪರವಾಗಿ ಹೇಳಬಹುದು ಎಂದು ಕಾಯುತ್ತಿದ್ದೇನೆ ಎಂದರು. ಮೇಲಿನದನ್ನು ಒತ್ತಿದರೆ ಬಾಗಿಲು ತೆಗೆಯುತ್ತದಲ್ಲ ಎಂದೆ.

"ಅದರಾಗ ಹೆಸರ ಐತಲ್ರಿ, ಅಣ್ಣಾರ."

"ಅದು ನಿಮ್ಮ ಮನಿಯವರ ಹೆಸರಲ್ಲಲ್ರಿ, ಅಕ್ಕಾರ. ರತ್ನವ್ವನ ಗಂಡಂದು."

ಕಸ್ತೂರವ್ವ ನನ್ನ ಮುಖವನ್ನು ಪಾಪ ಎನ್ನುವ ಹಾಗೆ ನೋಡಿದರು. "ರತ್ನವ್ವ ಅಂದ್ರ ನಾನ ಅಂತ ಮೊದಲನೇ ದಿನ ನೀವ ಹೇಳಿದ್ರಲ್ರಿ. ಒತ್ತೂದಂದ್ರ ಬಾಯಿ ಬಿಟ್ಟ ಅಂದಂಗ ಅಂತನೂ ನೀವ ಹೇಳಿದ್ರಿ."

ಈ ಜಾತಿಯ ಆಟ ಮಾಡುವವರು ಆಡುವವರನ್ನು ಪಾತ್ರದೊಳಗೆ ಇಳಿಸಲು ಏನೇನೋ ಸರ್ಕಸ್ಸು ಮಾಡುತ್ತಾರೆ. ಇಲ್ಲಿ ಹತ್ತು ಜನ ಪೂರ್ತಿ ಇಳಿದಿದ್ದರು. ಇಳಿಯದೆ ದಡದ ಮೇಲೆ ನಿಂತವನು ನಾನೊಬ್ಬನೇ. ಹಾಗಾದರೆ ಬಾಗಿಲು ತೆಗೆಸುವುದು ಹೇಗೆ ಎಂದು ಕೇಳಿದೆ. ಕಸ್ತೂರವ್ವ ಒಂದು ಕ್ಷಣವೂ ಯೋಚಿಸಲಿಲ್ಲ. "ಆ ಕಾವಲಿಯವಗ ಒಡಪ ಹಾಕ ಅಂತ ಕೇಳಾಕ ಹೇಳ್ರಿ. ಎಲ್ಲಾರೂ ಹೇಳತೇವಿ."

ತರಗತಿಯೆಲ್ಲ ನಕ್ಕಿತು. ನಕ್ಕು ಮುಗಿಯುವುದರೊಳಗೆ ಒಬ್ಬೊಬ್ಬರಾಗಿ ಒಡಪು ಶುರು ಮಾಡಿದರು. ನಾನು ಚೀಟಿಯ ಮೇಲೆ ಬರೆದುಕೊಂಡೆ, ಹೆಸರಿನ ಜಾಗದಲ್ಲಿ ಗೆರೆ ಎಳೆದೆ. ಕಸ್ತೂರವ್ವನದು ಹೀಗಿತ್ತು:

ಬಿಳಿ ಜ್ವಾಳದ ರೊಟ್ಟಿಗಿ ಕೆಂಪ ಖಾರದ ಹಿಂಡಿ,
——— ಅವರು ಹೊಡೀತಾರ ಜೋಡೆತ್ತಿನ ಬಂಡಿ.

ಹೇಳುವಾಗ ಹೆಸರಿಗೆ ಮೊದಲು ಎಲ್ಲರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಯಾಕೆ ಎಂದು ಕೇಳಿದಾಗ ಕಸ್ತೂರವ್ವ, "ಅಲ್ಲಿ ಒಂದೀಟ ನಿಲ್ಲಬೇಕ್ರಿ. ನಿಲ್ಲದಿದ್ರ ಹೆಸರಿಗಿ ಮರ್ಯಾದಿ ಇಲ್ಲ" ಎಂದರು. ಅದನ್ನೂ ಬರೆದುಕೊಂಡೆ.

ಬಸ್ಸಿನಲ್ಲಿ ಬರುವಾಗ ಹುಕ್ಕೇರಿಯ ಕೌಂಟರು ಕಣ್ಣ ಮುಂದೆ ಬಂತು, ಮನೆ ಮುಟ್ಟುವ ತನಕ ಹೋಗಲಿಲ್ಲ. ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. ಹತ್ತು ವರ್ಷದ ಮೇಲೆ, ಮೊದಲನೆಯ ಸಲ, ನಗೆಚಾಟಿಕೆ ಬಿಟ್ಟು ಕೇಳಿದೆ. ಅವತ್ತು ಯಾಕೆ ಹೇಳಲಿಲ್ಲ? ಆಕೆ ರೊಟ್ಟಿ ತಿರುವಿ ಹಾಕಿ, ಹೆಂಚಿನ ಕಡೆಯೇ ನೋಡುತ್ತಾ ಹೇಳಿದಳು.

"ಹೆಸರ ಹಿಡದ ಅಂದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮವ್ವ ಹೇಳಿದ್ಲು. ಖರೆನೋ ಸುಳ್ಳೋ ನನಗೇನ ಗೊತ್ತು. ಬ್ಯಾರೆ ದಿನಾ ಆಗಿದ್ರ ಅಂದ ಬಿಡತಿದ್ನೇನೋ. ಅವತ್ತ ನೀವು ಒಳಗ ಹೆಂಗದೀರಿ, ಅದೀರೋ ಇಲ್ಲೋ, ನನಗ ಯಾರೂ ಹೇಳಿರಲಿಲ್ಲ. ಅವತ್ತ ಹೆಂಗ ಹೇಳಲ್ರಿ?"

ನನಗೆ ನಾಚಿಕೆಯಾಯಿತು. ಇದನ್ನು ಹಟ ಎಂದುಕೊಂಡು ಹತ್ತು ವರ್ಷ ಊರೆಲ್ಲ ನಗಿಸಿಕೊಂಡು ತಿರುಗಿದ್ದೆ. ಆಕೆ ಆ ತಾಸೂವರೆ ನನ್ನ ಜೀವ ಹಿಡಿದುಕೊಂಡು ನಿಂತಿದ್ದಳು. ತಪ್ಪಾಯಿತು ಎಂದೆ. ಊಟಕ್ಕೆ ಏಳ್ರಿ ಎಂದಳು. ಊಟ ಮುಗಿದ ಮೇಲೆ, ಆಟಕ್ಕೆ ಬೇಕು, ನಿನ್ನದೂ ಒಂದು ಒಡಪು ಹೇಳು ಎಂದು ಕೇಳಿದೆ. ಬಹಳ ಹೊತ್ತು ಬೇಡ ಎಂದು, ಕೊನೆಗೆ ಹೆಸರಿನ ಜಾಗ ಖಾಲಿ ಬಿಟ್ಟು ಹೇಳಿದಳು:

ಗಾಣದ ಮನಿ ಒಲಿ ಮ್ಯಾಲ ಬೆಲ್ಲಕ ಬಂತು ಬಣ್ಣ,
——— ಅವರು ಬರೂ ದಾರಿ ಕಾಯತಾವ ನನ್ನ ಕಣ್ಣ.

ಮರುದಿನ ಮೇಡಂ ಸುಲಭಕ್ಕೆ ಒಪ್ಪಲಿಲ್ಲ. ಇಷ್ಟು ಕಡಿಮೆ ದಿನದಲ್ಲಿ ಬಾಗಿಲಿನ ಇಡೀ ಮಾತನ್ನು ಬದಲಿಸುವುದೇ, ಪುಣೆಯವರಿಗೆ ಒಡಪು ಅಂದರೆ ಏನು ತಿಳಿಯಬೇಕು ಎಂದರು. ನಾನು ಯಾವತ್ತೂ ಅವರ ಮಾತಿಗೆ ಎದುರಾಡಿದವನಲ್ಲ. ಅವತ್ತು, ಕಾವಲುಗಾರನ ಪ್ರಶ್ನೆಯೇ ತಪ್ಪು, ಉತ್ತರ ಹುಡುಕಿ ಫಾಯದೆಯಿಲ್ಲ ಎಂದೆ. ಅವರು ಬಾಗೇವಾಡಿಗೆ ತಾಯಿಗೆ ಫೋನು ಹಚ್ಚಿ, ಅವ್ವಾ ನಿನ್ನ ಲಗ್ನದಾಗ ಏನ್ ಒಡಪ ಹಾಕಿದ್ದಿ ಎಂದು ಕೇಳಿದರು. ಆ ಕಡೆಯಿಂದ ಒಂದಲ್ಲ, ಆರು ಬಂದವು. ಫೋನು ಇಟ್ಟು, ಮಾಡ್ರಿ ಎಂದರು.

ಎಂಟು ದಿನ ವಿನಾಯಕ ಮತ್ತು ನಾನು ಅದರ ಮೇಲೇ ಕೂತೆವು. ಕಾವಲುಗಾರ ಈಗ "ಒಡಪು ಹಾಕಿ ಹೇಳವ್ವ" ಅನ್ನುತ್ತಾನೆ. ಹತ್ತು ಒಡಪುಗಳ ಪಟ್ಟಿ ಬರುತ್ತದೆ, ಇಷ್ಟವಾದದ್ದು ಆರಿಸಬಹುದು. ಹೆಸರಿನ ಜಾಗ ಖಾಲಿ, ಆಡುವವರು ತಮಗೆ ಬೇಕಾದ ಹೆಸರು ಬರೆಯಬಹುದು. ಬರೆಯದೆ ಬಿಟ್ಟರೆ ಈರಣ್ಣ. ಆ ಹೊತ್ತಿಗೆ ಮಾತ್ರ ಬಾಜೂದ ಮುಖ ತೆಗೆದು ಬಾಕ್ಸನ್ನು ಪರದೆಯಗಲ ಮಾಡಿದೆ. ಶಬ್ದ ಶಬ್ದವಾಗಿ ಒಡಪು ಬರುತ್ತದೆ. ಹೆಸರಿಗೆ ಮೊದಲು ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಹೆಸರು ಒಂದೇ ಸಲಕ್ಕೆ ಪೂರ್ತಿ ಮೂಡುತ್ತದೆ. "ಹೇಳುವುದಿಲ್ಲ" ಎಂಬ ಉತ್ತರವನ್ನು ತೆಗೆಯಲಿಲ್ಲ. ಹೊಸಬರೇ, ಆ ಉತ್ತರವನ್ನು ಯಾವ ಆಟದಲ್ಲೂ ತೆಗೆಯಬೇಡಿ. ಅದನ್ನು ಒತ್ತುವವರ ಹತ್ತಿರ ಕಾರಣವಿರುತ್ತದೆ.

ಪುಣೆಯಿಂದ ಇಬ್ಬರು ಬಂದರು. ಮೂಡಲಗಿಯ ತರಗತಿಯಲ್ಲೇ ಕೂತು ನೋಡಿದರು. ಹತ್ತೂ ಜನ ಬಾಗಿಲು ದಾಟಿದರು. ಕಸ್ತೂರವ್ವ ಹೆಸರು ಬರೆಯುವಾಗ ಮೊಬೈಲಿನ ಮೇಲೆ ಸೆರಗು ಮುಚ್ಚಿಕೊಂಡರು, ಏನು ಬರೆದರೋ ನಾವು ನೋಡಲಿಲ್ಲ. ಬಂದಿದ್ದ ಇಬ್ಬರಲ್ಲಿ ಒಬ್ಬರು ವಯಸ್ಸಾದ ಹೆಣ್ಣುಮಗಳು. ತಿಳಿಯುವುದಿಲ್ಲವೇನೋ ಎಂದು ಮೇಡಂ ಹೆದರಿದ್ದರಲ್ಲ, ಆ ಹಿರಿಯರೇ ಎಲ್ಲರಿಗಿಂತ ಮೊದಲು ನಕ್ಕರು. ಇದಕ್ಕೆ ನಮ್ಮಲ್ಲಿ ಉಖಾಣೆ ಅನ್ನುತ್ತೇವೆ ಎಂದು ಮರಾಠಿಯಲ್ಲಿ ತಮ್ಮದೊಂದನ್ನು ಹೇಳಿಯೇ ಬಿಟ್ಟರು. ಹೊಲಿಗೆಯವರು ಚಪ್ಪಾಳೆ ತಟ್ಟಿದರು. ಕಾಗದಪತ್ರ ಆಮೇಲೆ ಆದವು. ಕಂಪನಿ ಉಳಿದದ್ದು ಆ ಮಧ್ಯಾಹ್ನ.

ನಾನು ಇನ್ನೂ ಮೂರು ವರ್ಷ ದುಡಿದು ಬಿಟ್ಟೆ. ಅಷ್ಟು ವರ್ಷದಲ್ಲಿ ಗೌರವ್ವ ನನ್ನ ಒಂದು ಆಟವನ್ನೂ ಆಡಿದವಳಲ್ಲ. ಹೋದ ತಿಂಗಳು ಆಕೆಯ ಮೊಬೈಲಿಗೆ ರತ್ನವ್ವನ ಆಟ ಹಾಕಿಕೊಟ್ಟೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಗೋಡೆಗೆ ಒರಗಿ ಒಂದೊಂದು ಊರು ದಾಟಿದಳು. ಬಾವಿಕಟ್ಟೆಯ ಮುದುಕಿಯನ್ನು ಆಕೆಯೂ ಬಿಡಲಿಲ್ಲ. ನಾನು ದೂರ ಕೂತು ಪೇಪರು ಓದುವವನ ಹಾಗೆ ನಟಿಸುತ್ತಿದ್ದೆ.

ಮೊನ್ನೆ ಬಾಗಿಲಿಗೆ ಬಂದಳು. ಪಟ್ಟಿಯಲ್ಲಿ ತನ್ನದೇ ಒಡಪು ಕಂಡು ನನ್ನ ಕಡೆ ಒಮ್ಮೆ ನೋಡಿದಳು. ಬಹಳ ಹೊತ್ತು ಏನೋ ಒಂದೊಂದೇ ಅಕ್ಷರ ಬರೆದಳು. ನಾನು ತಡೆಯಲಾರದೆ ಎದ್ದು ಹೋಗಿ ಹಿಂದೆ ನಿಂತೆ. ಗಾಣದ ಮನಿ ಬಂತು, ಒಲಿ ಬಂತು, ಬೆಲ್ಲಕ್ಕೆ ಬಣ್ಣ ಬಂತು. ಬಾಕ್ಸು ನಾನು ಇಟ್ಟಿದ್ದ ಜಾಗದಲ್ಲಿ, ನಾನು ಇಟ್ಟಿದ್ದಷ್ಟೇ ಹೊತ್ತು ನಿಂತಿತು. ಆಮೇಲೆ ಮೂಡಿತು: ಶಿವಪುತ್ರಪ್ಪ.

ಓಣಿಗೆ ಪ್ರೆಸ್ಸಿನವನು, ಆಫೀಸಿಗೆ ಕಾಕಾ, ಮನೆಯಲ್ಲಿ ಏನ್ರಿ. ಮದುವೆಯ ದಿನ ಬ್ಯಾಂಡಿನ ಗದ್ದಲದಲ್ಲಿ ಕಳೆದುಹೋದ ನನ್ನ ಹೆಸರನ್ನು ಆಕೆಯಿಂದ ಪಡೆದದ್ದು ಮೊನ್ನೆಯೇ. ಕಿವಿಯಿಂದಲ್ಲ, ಕಣ್ಣಿಂದ. ನನ್ನ ಕಣ್ಣು ತುಂಬಿತು. ಉಳಿದ ಸಾಲೂ ಬಂದು ಮುಗಿಯಿತು. ಬಾಕ್ಸಿನ ಮೂಲೆಯಲ್ಲಿ ಒತ್ತಿರಿ ಎನ್ನುವ ಗುರುತು ಮಿಣುಕುತ್ತಿತ್ತು. ಆಕೆ ಒತ್ತಲಿಲ್ಲ. ಇರುವುದು ಎರಡೇ ಸಾಲು, ಅದೂ ಆಕೆಯೇ ಕಟ್ಟಿದ್ದು. ಬಹಳ ಹೊತ್ತಾದರೂ ಬೆರಳು ಬಾಕ್ಸಿನ ಕಡೆ ಹೋಗಲಿಲ್ಲ. ಹೇಗೆಂದು ತಿಳಿಯಲಿಲ್ಲವೇನೋ ಎಂದು, ಒತ್ತು, ಬಾಗಿಲು ತೆಗೆಯುತ್ತದೆ ಎಂದೆ.

"ತಡೀರಿ," ಎಂದಳು ಗೌರವ್ವ. "ಇನ್ನಾ ಓದಾಕತ್ತೇನಿ."